ರಶ್ಮಿ ಸಾಕು ಎಂದಳು

ಬಳ್ಳಾರಿಯ ಪಾರ್ವತಿನಗರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ರಶ್ಮಿ ಈಚೆಗೆ ಫೋನ್ ಸದ್ದಾದರೆ ಬೆಚ್ಚಿಬೀಳುತ್ತಿದ್ದಳು. ಕುರುಗೋಡಿನ ಭೀಮರಾಜನನ್ನು ಅವಳೇ ಮೆಚ್ಚಿದ್ದಳು. ಮನೆಯವರೂ ಒಪ್ಪಿ ಮದುವೆಯ ಮಾತು ಕೊಟ್ಟಿದ್ದರು. ಮೊದಮೊದಲು ಅವನು “ಊಟ ಆತೇನು?” ಎಂದರೆ ಮನಸ್ಸು ತುಂಬುತ್ತಿತ್ತು. ಆಮೇಲೆ ಕೇಳುವುದೇ ಬೇರೆಯಾಯಿತು.

“ಯಾರ ಜೊತಿ ಅದಿ? ಕ್ಯಾಮೆರಾ ತಿರುಗಿಸಿ ತೋರ್ಸು.”

ಪಾಠ ಬಿಡಿಸಿದ. ಗೆಳತಿಯರನ್ನು ದೂರ ಮಾಡಿದ. ಒಂದು ದಿನ ಕಂದುವಂತೆ ಕೈ ತಿರುಚಿದ. ಮರುದಿನ ಹೂವು ತಂದು ಅತ್ತ. “ನೀ ಬಿಟ್ರ ನಾ ಸಾಯ್ತೀನಿ” ಎಂದ.

ಅಂದಿನಿಂದ ರಶ್ಮಿ ನಿದ್ದೆಯಲ್ಲಿ ನಡೆದಂತೆ ಓಡಾಡುತ್ತಿದ್ದಳು. ಅವ್ವ ಕರೆದರೂ ನೀರಿನಡಿಯಿಂದ ಕೇಳಿದಂತಾಗುತ್ತಿತ್ತು. ಅವಳ ಹಳೆಯ ಗೆಳತಿ ಶ್ರೀಕೃತಿ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ರಶ್ಮಿಯ ಸುದ್ದಿಯೇ ಇಲ್ಲವೆಂದು ಅವಳೇ ಬಂದು, ಸಿರುಗುಪ್ಪದ ತನ್ನ ಮನೆಗೆ ಕರೆದುಕೊಂಡು ಹೋದಳು.

ಸಂಜೆ ಇಬ್ಬರೂ ಕಾಲುವೆ ದಂಡೆಯ ಮೇಲೆ ಕುಳಿತರು. ಆಗಷ್ಟೇ ನಾಟಿಯಾದ ಗದ್ದೆಗಳ ನೀರಿನಲ್ಲಿ ಆಕಾಶ ಇಳಿದು ಮಲಗಿತ್ತು. ಬೆಳ್ಳಕ್ಕಿಗಳು ಮೋಡದ ಮೇಲೆ ಹೆಜ್ಜೆಯಿಡುತ್ತಿದ್ದವು. ಯಾರೋ ಮೆಲ್ಲಗೆ ಹಾಡುತ್ತಿದ್ದರು. ರಶ್ಮಿ ಕಿವಿಗೊಟ್ಟರೆ ಅದು ತನ್ನದೇ ದನಿ. ಹಾಡಿ ಎಷ್ಟು ಕಾಲವಾಗಿತ್ತೋ. ಅವಳ ಕಣ್ಣು ತುಂಬಿತು.

“ಪ್ರೀತಿ ಐತಿ, ಅದಕ್ಕ ಸಿಟ್ಟು ಮಾಡ್ತಾನ. ಅಲ್ಲೇನು?” ನಡೆದದ್ದನ್ನೆಲ್ಲ ಹೇಳಿ ರಶ್ಮಿ ಕೇಳಿದಳು.

“ಅವ ಎದುರಿಗೆ ಬಂದ್ರ ನಿನಗ ಖುಷಿ ಆಗ್ತೈತೋ, ಅಂಜಿಕಿ ಆಗ್ತೈತೋ?” ಶ್ರೀಕೃತಿ ಕೇಳಿದಳು.

ರಶ್ಮಿ ಕಂದಿದ ಕೈಯನ್ನು ಮುಚ್ಚಿಕೊಂಡಳು. “ಅಂಜಿಕಿ.”

“ಬಿಡಾಕ ಅಷ್ಟು ಸಾಕು.”

“ಅವ ಸತ್ತುಗಿತ್ತರ?”

“ಅದನ್ನ ಹಗುರ ತಗೋಬಾರ್ದು. ಅವನ ಅಣ್ಣಗ ಹೇಳೋಣು. ಅವಗ ಡಾಕ್ಟರ್ ಬೇಕು, ಮನಿ ಮಂದಿ ಬೇಕು. ನೀ ಅವನ ಔಷಧ ಅಲ್ಲ. ಒಬ್ಬಾಕಿ ಭೇಟಿಗೆ ಹೋಗಬ್ಯಾಡ. ಬೈದ ಮೆಸೇಜು ಅಳಿಸಬ್ಯಾಡ.”

ಊರಿಗೆ ಮರಳಿ ರಶ್ಮಿ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ತಂದೆ ಗಾದಿಲಿಂಗಪ್ಪ ತಲೆ ಹಿಡಿದು ಕುಳಿತರು. “ಕುರುಗೋಡಿನವ್ರಿಗೆ ಹೆಂಗ ಮಾರಿ ತೋರ್ಸಾದು?”

ತಾಯಿ ಚನ್ನವೀರಮ್ಮ ಮಗಳ ತೋಳು ಮೇಲಕ್ಕೆ ಸರಿಸಿದರು. “ಮಾರಿ ಆಮ್ಯಾಗ ತೋರ್ಸೋಣ್ರಿ. ಮೊದ್ಲು ಈ ಕೈ ನೋಡ್ರಿ.”

ಗಾದಿಲಿಂಗಪ್ಪ ನೋಡಿದರು. ಎದ್ದು ಬಂದು ಮಗಳ ಪಕ್ಕ ಕುಳಿತು, “ಅವಗ ಫೋನ್ ಹಚ್ಚವ್ವ. ನಾ ಇಲ್ಲೇ ಅದೀನಿ” ಎಂದರು.

“ಸಾಕು ಭೀಮರಾಜ. ನಾ ನಿನ್ನ ಜೊತಿ ಇರಾದಿಲ್ಲ. ಇನ್ನ ಫೋನ್ ಮಾಡಬ್ಯಾಡ.”

ಅವನು ಬೈದ, ಅತ್ತ. ಅವಳು ಫೋನ್ ಇಟ್ಟಳು. ಗಾದಿಲಿಂಗಪ್ಪ ಕೂಡಲೇ ಅವನ ಅಣ್ಣನಿಗೆ ತಿಳಿಸಿದರು. ಮುಂದೆ ಭೀಮರಾಜ ಓಣಿಗೆ ಬಂದು ನಿಂತಾಗ ತಂದೆಮಗಳು ಠಾಣೆಗೆ ಹೋಗಿ ದೂರು ಕೊಟ್ಟರು. ಆಮೇಲೆ ಅವನು ಬರಲಿಲ್ಲ.

ಕೆಲವು ಸಂಜೆ ಅವನ ನೆನಪಾಗಿ ರಶ್ಮಿ ಅತ್ತದ್ದೂ ಉಂಟು. ಆದರೂ ಅವಳು ತಿರುಗಿ ಹೋಗಲಿಲ್ಲ.

ತಂಗಿ, ಅಕ್ಕ, ನಿಮ್ಮ ಪ್ರೀತಿಯಲ್ಲೂ ಭಯವೇ ದೊಡ್ಡದಾಗಿದ್ದರೆ ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಅಪಾಯ ಹತ್ತಿರವಿದ್ದರೆ 112. ತಂದೆತಾಯಿಗಳೇ, ಮಗಳು ಹೇಳಲು ಬಂದಾಗ ಊರಿನ ಮಾತು ಹಾಗಿರಲಿ. ಮೊದಲು ಅವಳ ಮಾತು ಕೇಳಿ.