ಹುಳ ಮಲಗಿದ ದಿನ

ಮೈಸೂರಿನ ಮೃಗಾಲಯ ತೋರಿಸುತ್ತೇನೆಂದು ಕೆಂಚಯ್ಯ ಹೆಂಡತಿಗೆ ಮಾತು ಕೊಟ್ಟಿದ್ದು ಮದುವೆಯಾದ ಹೊಸತರಲ್ಲಿ. ನಡೆಸಿಕೊಟ್ಟಿದ್ದು ಮೊಮ್ಮಗಳು ಮೂರನೇ ಕ್ಲಾಸಿಗೆ ಬಂದ ಮೇಲೆ. ನಡುವೆ ಅವನೇನೂ ಮರೆತಿರಲಿಲ್ಲ. "ಈ ಬೆಳೆ ಒಂದು ಮುಗೀಲಿ ಕಣಮ್ಮಿ" ಅನ್ನುತ್ತಲೇ ಇದ್ದ. ಆ ಬೆಳೆ ಮುಗಿಯುವಷ್ಟರಲ್ಲಿ ಮುಂದಿನ ಬೆಳೆಯ ಹುಳ ಮನೆಗೆ ಬಂದು ಕೂತಿರುತ್ತಿತ್ತು.

ಕೈಲಾಂಚದ ಕಡೆ ರೇಷ್ಮೆ ಹುಳ ಸಾಕುವ ಮನೆಯ ಹೆಂಗಸು ಹೊಸಿಲು ದಾಟಬೇಕಾದರೆ ಹುಳ ಮಲಗಬೇಕು. ಬೆಳೆಯುವ ಹುಳ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಹಳೆ ಚರ್ಮ ಕಳಚಿ ಏಳುತ್ತದೆ. ಊರವರು ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರ ದೊಡ್ಡದು, ಒಂದು ಹಗಲು ಒಂದು ರಾತ್ರಿ ಮೇವು ಕೇಳುವುದಿಲ್ಲ. ಎದ್ದ ಮೇಲೆ ಮಾತ್ರ ವಾರಪೂರ್ತಿ ಸೊಪ್ಪಿನ ಜೊತೆಗೆ ಸಾಕುವವರ ನಿದ್ದೆಯನ್ನೂ ತಿಂದುಹಾಕುತ್ತದೆ.

ಜ್ವರ ಬಂತೆಂದರೆ ಕೆಂಚಯ್ಯನ ದರ್ಬಾರು ನೋಡಬೇಕು. ಹುಳದ ಮನೆಯ ಬಾಗಿಲು ಸದ್ದಾಗಬಾರದು. ರೇಡಿಯೋ ಹಾಕಬಾರದು. ಒಗ್ಗರಣೆಗೆ ಮೆಣಸಿನಕಾಯಿ ಬೀಳಬಾರದು. ಯಾರಾದರೂ ತಟ್ಟೆಯೊಳಗಿನ ಹುಳ ಮುಟ್ಟಿದರಂತೂ ಮುಗಿದೇ ಹೋಯಿತು. "ಮಲಗಿರೋದನ್ನ ಮುಟ್ಟಿದ್ರೆ ಪೊರೆ ಕಳಚಕ್ಕಾಗ್ದೆ ಸತ್ತೋಯ್ತದೆ, ಅಷ್ಟೂ ಗೊತ್ತಾಗಾಕಿಲ್ವಾ ನಿಮ್ಗೆ?" ಎಂದು ಪಿಸುದನಿಯಲ್ಲೇ ಬೈಯುತ್ತಿದ್ದ. ಗಟ್ಟಿಯಾಗಿ ಬೈದರೆ ಹುಳಕ್ಕೆ ತೊಂದರೆಯಲ್ಲವೆ.

ಮೃಗಾಲಯದ ಸುದ್ದಿ ತೆಗೆದ ಸಂಜೆ ಅವನು ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಹೇಳಿದ್ದ. "ಬರ್ತಾ ಬೈರಾಪಟ್ಟಣದ ಚಾಕಿ ಸೆಂಟರ್‌ನಾಗೆ ಒಸಿ ನಿಲ್ಸಿ ಹೇಳ್ಬುಟ್ಟು ಬರಾನ. ಮುಂದ್ಲ ಬೆಳೆಗೆ ಇನ್ನೂರು ಮೊಟ್ಟೆ. ಹೊಸ ಶೆಡ್ಡು ಖಾಲಿ ಬಿದ್ದೈತೆ."

ಚಾಕಿ ಸೆಂಟರಿನವರು ಮೊಟ್ಟೆ ಒಡೆಸಿ, ಎಳೆ ಹುಳ ಸಾಕಿ, ಎರಡನೇ ಜ್ವರ ಕಳೆದ ಮೇಲೆ ರೈತರಿಗೆ ಕೊಡುತ್ತಾರೆ. ಒಂದು ಚಿಟ್ಟೆ ಇಟ್ಟ ನಾನೂರು ಐನೂರು ತತ್ತಿ ಸೇರಿ ಅವರ ಲೆಕ್ಕದಲ್ಲಿ ಒಂದು ಮೊಟ್ಟೆ. ಕೆಂಚಯ್ಯನ ಮನೆಗೆ ಇಷ್ಟು ವರ್ಷ ಬರುತ್ತಿದ್ದದ್ದು ಅಂಥ ನೂರು ಮೊಟ್ಟೆಯ ಹುಳ. ಅದಕ್ಕೇ ಹೆಂಡತಿ ದೊಡ್ಡಲಕ್ಷ್ಮಮ್ಮನ ಸೊಂಟ ಬಿದ್ದುಹೋಗಿತ್ತು. ಸೊಪ್ಪು ಕೊಯ್ದು ತರುವುದು ಕೆಂಚಯ್ಯ. ಅದರಲ್ಲಿ ಅವನು ಮೈಗಳ್ಳನಲ್ಲ. ಆದರೆ ಹೊತ್ತು ಹೊತ್ತಿಗೆ ಮೇವು ಹಾಕುವುದು, ಹಿಕ್ಕೆ ತೆಗೆಯುವುದು, ತಟ್ಟೆ ಬದಲಿಸುವುದು, ನಡುರಾತ್ರಿ ಎದ್ದು ನೋಡುವುದು ಎಲ್ಲ ಅವಳ ಪಾಲು. ಮಗಳು ಭಾಗ್ಯ ಇರುವಷ್ಟು ದಿನ ಒಂದು ಕೈ ಆಗುತ್ತಿದ್ದಳು. ಅವಳನ್ನು ಬಿಡದಿಗೆ ಕೊಟ್ಟ ಮೇಲೆ ಆ ಕೈಯೂ ಇಲ್ಲ.

ಇನ್ನೂರು ಅಂದದ್ದು ಕೇಳಿ, ಗಂಡನಿಗೆ ಈಗ ಮೃಗಾಲಯ ಯಾಕೆ ನೆನಪಾಯಿತೆಂದು ಅವಳಿಗೆ ಅರ್ಥವಾಯಿತು. ಎತ್ತಿಗೆ ನೊಗ ಇಡುವ ಮುಂಚೆ ಬೆಲ್ಲ ತಿನ್ನಿಸುವ ಹಾಗೆ. ಆಗಲ್ಲ ಅಂತ ಹೇಳಿಬಿಡಬೇಕು, ವ್ಯಾನು ಬೈರಾಪಟ್ಟಣ ಮುಟ್ಟುವುದರೊಳಗೆ ಹೇಳಿಬಿಡಬೇಕು ಎಂದುಕೊಂಡೇ ಅವಳು, ಹುಳ ನಾಲ್ಕನೆಯ ಜ್ವರಕ್ಕೆ ಕೂತ ಭಾನುವಾರ, ಹೊರಟಿದ್ದು.

ಹೊರಡುವ ಮುಂಚೆ ಹಾಸಿಗೆ ಒಣಗಿರಲೆಂದು ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿದ್ದಳು. ಸಂಜೆಯ ಸೊಪ್ಪಿಗೆ ಒದ್ದೆ ಗೋಣಿ ಹೊದಿಸಿದ್ದಳು. ಚಿತ್ರಾನ್ನ, ಮೊಸರನ್ನ ಕಲಸಿ ಡಬ್ಬಿಗಳಿಗೆ ತುಂಬಿದ್ದಳು. ರಾಮನಗರದ ಸಮದ್ ತನ್ನ ಓಮ್ನಿ ತಂದು ಹಾರನ್ ಹೊಡೆದಾಗ ಕೆಂಚಯ್ಯ ಓಡಿಹೋಗಿ, "ಏಯ್, ಒಳಗೆ ಹುಳ ಮಲಗವೆ ಕಣೋ" ಎಂದು ಹಾರನ್ನಿನ ಬಾಯಿ ಮುಚ್ಚಿಸಿದ. ಸಮದ್‌ನ ಮನೆಯವರು ಗೂಡಿನಿಂದ ನೂಲು ತೆಗೆಯುವವರು. ಅವನಿಗೆ ತಿಳಿಯದ್ದೇನಲ್ಲ. "ತಪ್ಪಾಯ್ತಣ್ಣ" ಎಂದು ನಾಲಿಗೆ ಕಚ್ಚಿಕೊಂಡ. ಬಿಡದಿಯಿಂದ ಹಿಂದಿನ ದಿನವೇ ಬಂದಿದ್ದ ಭಾಗ್ಯ, ಅಳಿಯ ರೇವಣ್ಣ, ಮೊಮ್ಮಗಳು ಚೈತ್ರಾ ಹಿಂದೆ ಕೂತರು.

ದಾರಿಯಲ್ಲಿ ಹೇಳೋಣವೆಂದರೆ ಮದ್ದೂರಿನವರೆಗೂ ಚೈತ್ರಾಳ ವಾಂತಿ. ಆಮೇಲೆ ಹೇಳೋಣವೆಂದರೆ ಕೆಂಚಯ್ಯ ಅಳಿಯನಿಗೆ ಹೊಸ ಶೆಡ್ಡಿನ ಗುಣಗಾನ ಮಾಡುತ್ತಿದ್ದ. ಅಳಿಯನ ಮುಂದೆ ಗಂಡನ ಮಾತು ಮುರಿಯುವುದು ಹೇಗೆ? ದೊಡ್ಡಲಕ್ಷ್ಮಮ್ಮ ಡಬ್ಬಿಗಳ ಚೀಲ ತಬ್ಬಿಕೊಂಡು ಸುಮ್ಮನೆ ಕೂತಳು.

ಮೃಗಾಲಯದ ಒಳಗೆ ಜನವೋ ಜನ. ಚೈತ್ರಾ ಜಿರಾಫೆ ನೋಡಿ ಕುಣಿದಳು. ದೊಡ್ಡಲಕ್ಷ್ಮಮ್ಮ ನೋಡಿದ್ದು ಜಿರಾಫೆಯ ಮುಂದೆ ಎತ್ತರದಲ್ಲಿ ಕಟ್ಟಿದ್ದ ಸೊಪ್ಪಿನ ಕಟ್ಟನ್ನು. ದಿನಾ ಅಷ್ಟು ಮೇಲಕ್ಕೆ ಅದನ್ನು ಕಟ್ಟುವವರು ಯಾರಪ್ಪಾ ಅನ್ನಿಸಿತು. ಆನೆಯ ಹತ್ತಿರ ಹುಲ್ಲಿನ ಹೊರೆ ಇಳಿಸಿ ಹಣೆ ಒರೆಸಿಕೊಳ್ಳುತ್ತಿದ್ದ ಕೆಲಸದವನನ್ನು ಕಂಡು ಅವಳದೇ ಭುಜ ನೋಯತೊಡಗಿತು. ನೀರಾನೆ ಬಾಯಿ ತೆರೆದಾಗ ಜನರೆಲ್ಲ ಹೋ ಎಂದರು. ಅವಳು ಮಾತ್ರ, "ಅಯ್ಯೋ ನನ್ನಪ್ಪಾ, ಇದ್ರ ಬಾಯಿಗೆ ಎಷ್ಟು ಹಾಕಿದ್ರೆ ತುಂಬೀತು!" ಅಂದಳು. ಭಾಗ್ಯ ನಕ್ಕಳು. ದೊಡ್ಡಲಕ್ಷ್ಮಮ್ಮನಿಗೆ ನಗು ಬರಲಿಲ್ಲ. ಎತ್ತ ನೋಡಿದರೂ ಯಾವುದೋ ಬಾಯಿ ಮೇವು ಕೇಳುತ್ತಿತ್ತು. ಅವಳಿಗೆ ಸಾಕಾಗಿತ್ತು.

ಹುಲಿ ಮರದ ನೆರಳಲ್ಲಿ ಮಲಗಿತ್ತು. ಕಂಬಿಯ ಬಳಿ ಹುಡುಗರು ಸಿಳ್ಳೆ ಹಾಕುತ್ತಿದ್ದರು. ಕೈಲಾಂಚದವರು ಹತ್ತಿರ ಬಂದದ್ದೇ ತಡ, ಯಾರೂ ಹೇಳದಿದ್ದರೂ ಐವರ ದನಿಯೂ ತಗ್ಗಿತು. ಚಪ್ಪಲಿ ಸದ್ದಾಗದ ಹಾಗೆ ಹೆಜ್ಜೆ ಇಟ್ಟರು. "ಮಲಗೈತೆ ಕಣವ್ವ" ಎಂದು ಕೆಂಚಯ್ಯ ಮೊಮ್ಮಗಳ ಕಿವಿಯಲ್ಲಿ ಉಸುರಿದ. ಸಿಳ್ಳೆ ಹಾಕುತ್ತಿದ್ದವನ ಭುಜ ತಟ್ಟಿ, "ಮಲಗಿರೋದನ್ನ ಎಬ್ಬಿಸ್ಬಾರ್ದಪ್ಪ" ಎಂದ. ಆ ಹುಡುಗರು ಇವನ ಪಂಚೆ, ಟವೆಲ್ಲು ನೋಡಿ ಮುಸಿಮುಸಿ ನಕ್ಕರು. ದೊಡ್ಡಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡಿದಳು. ಹುಳಕ್ಕೂ ಹುಲಿಗೂ ಇರುವ ಈ ಕರುಣೆ ತನ್ನ ಮೇಲೆ ಯಾಕಿಲ್ಲ ಎಂದು ಹೊಟ್ಟೆ ಉರಿದುಹೋಯಿತು.

ಊಟವಾಯಿತು. ಅಲ್ಲೂ ಬಡಿಸಿದ್ದು ಅವಳೇ. ಎಲ್ಲರೂ ಕೈ ತೊಳೆಯಲು ಹೋದಾಗ ಕೆಂಚಯ್ಯ ಒಬ್ಬನೇ ಸಿಕ್ಕಿದ.

"ಇಲ್ನೋಡಿ, ಆ ಇನ್ನೂರು ಮೊಟ್ಟೆ…"

"ಅದೇ ಕಣಮ್ಮಿ, ನಾಕು ಗಂಟೆಗೆಲ್ಲ ಹೊರಟ್ಬುಡಾನ. ಕತ್ಲಾದ್ರೆ ಅವ್ರು ಬಾಗ್ಲು ಹಾಕ್ಬುಡ್ತಾರೆ" ಎಂದು ಅವನು ಎದ್ದೇಬಿಟ್ಟ.

ಹಾವುಗಳಿರುವ ಕಡೆ ಬರುವಷ್ಟರಲ್ಲಿ ಅವಳ ಕಾಲು ಸೋತಿದ್ದವು. ಗಾಜಿನ ಹಿಂದೆ ಹೆಬ್ಬಾವೊಂದು ಸುತ್ತಿಕೊಂಡು ಬಿದ್ದಿತ್ತು. ಚೈತ್ರಾ ಬೋರ್ಡು ಓದಿ ಹೇಳಿದಳು: "ಅಜ್ಜಿ, ಇದು ಒಂದ್ಸಲ ಊಟ ಮಾಡಿದ್ರೆ ವಾರಗಟ್ಟಲೆ ಏನೂ ತಿನ್ನಲ್ವಂತೆ."

"ವಾರಗಟ್ಲೆಯಾ?"

"ಹೂಂ ಅಜ್ಜಿ."

"ಎಂಥ ಪುಣ್ಯಾತ್ಮನಪ್ಪಾ ನೀನು!" ದೊಡ್ಡಲಕ್ಷ್ಮಮ್ಮ ಹಾವಿಗೆ ಕೈ ಮುಗಿದಳು. ಬೆಳಗಿನಿಂದ ನೋಡಿದ ಪ್ರಾಣಿಗಳಲ್ಲಿ ಅವಳಿಗೆ ಮನಸ್ಸಿಗೆ ಬಂದದ್ದು ಅದೊಂದೇ. "ನೀವೆಲ್ಲ ನೋಡ್ಕೊಂಡು ಬನ್ನಿ, ನಾನು ಒಸಿ ಕೂತಿರ್ತೀನಿ" ಎಂದು ಎದುರಿನ ಕಲ್ಲುಬೆಂಚಿನ ಮೇಲೆ ಕೂತಳು. ನೆರಳು ತಂಪಾಗಿತ್ತು. ಎದುರಿಗಿದ್ದದ್ದು ಏನೂ ಕೇಳುತ್ತಿರಲಿಲ್ಲ. ಅವಳ ಕಣ್ಣು ಹಾಗೇ ಮುಚ್ಚಿಕೊಂಡವು.

ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಹತ್ತಿತ್ತು. ತಲೆಯ ಕೆಳಗೆ ಮಡಿಸಿಟ್ಟ ಟವೆಲ್ಲಿತ್ತು. ಕೆಂಚಯ್ಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹತ್ತಿರ ಬಂದ ಯಾರಿಗೋ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಅವಳು ದಡಬಡಿಸಿ ಎದ್ದು ಕೂತಳು.

"ಅಯ್ಯೋ, ಎಷ್ಟು ಹೊತ್ತಾಯ್ತು! ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸಕ್ಕೇ ಬಂದಿದ್ದೆ" ಎಂದ ಕೆಂಚಯ್ಯ. "ಈ ಕೂಸು ಬಿಡಲಿಲ್ಲ."

ಭಾಗ್ಯ ಹೇಳಿದಳು: "ಅಪ್ಪ ನಿನ್ನ ಭುಜ ಹಿಡಿದು ಅಲ್ಲಾಡ್ಸಕ್ಕೆ ಹೋಯ್ತು ಕಣವ್ವ. ಚೈತ್ರಾ ಕೈ ತಟ್ಬುಟ್ಟು, 'ಮುಟ್ಬ್ಯಾಡ ತಾತ, ಅಜ್ಜಿ ಜ್ವರಕ್ಕೆ ಕೂತೌಳೆ' ಅಂದ್ಬುಟ್ಳು. ಅಪ್ಪ ಆವಾಗ್ಲಿಂದ ಹಿಂಗೇ ಕೂತೈತೆ."

ಎಲ್ಲರೂ ನಗುತ್ತಾರೇನೋ ಎಂದು ದೊಡ್ಡಲಕ್ಷ್ಮಮ್ಮ ಕಾದಳು. ಯಾರೂ ನಗಲಿಲ್ಲ. ಅಳಿಯ ಪಕ್ಕದಲ್ಲೇ ನಿಂತಿದ್ದ. ನಿಂತಿದ್ದರೆ ನಿಂತುಕೊಳ್ಳಲಿ ಅನ್ನಿಸಿತು ಅವಳಿಗೆ.

"ಇನ್ನೂರು ಬ್ಯಾಡ ಕಣಿ" ಅಂದಳು. "ನನ್ ಕೈಲಾಗಲ್ಲ. ನೂರಕ್ಕೇ ನಾನು ಸತ್ತು ಸುಣ್ಣ ಆಗಿವ್ನಿ. ನನ್ಗೆ ನಿದ್ದೆ ಬೇಕು."

ಕೆಂಚಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನಡೀರಿ, ಹೊತ್ತಾಯ್ತು" ಎಂದು ಮುಂದೆ ಹೊರಟ.

ವಾಪಸು ದಾರಿಯಲ್ಲಿ ಚೈತ್ರಾ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದಳು. ಕತ್ತಲಾಗಲಿ, ಸೆಂಟರಿನವರು ಬಾಗಿಲು ಹಾಕಿಕೊಂಡು ಹೋಗಲಿ ಎಂದು ದೊಡ್ಡಲಕ್ಷ್ಮಮ್ಮ ಮಂಡ್ಯದಿಂದಲೇ ಮನೆದೇವರಿಗೆ ಹರಕೆ ಕಟ್ಟಿಕೊಂಡು ಬಂದಳು. ಕತ್ತಲೇನೋ ಆಯಿತು. ಆದರೆ ಬೈರಾಪಟ್ಟಣ ಬಂದಾಗ ಸೆಂಟರಿನ ಮುಂದೆ ದೀಪ ಉರಿಯುತ್ತಿತ್ತು.

"ತೆಗ್ದವ್ರೆ. ನಿಲ್ಲಿಸ್ಲಾ ಅಣ್ಣ?" ಎಂದ ಸಮದ್.

"ನಿಲ್ಸು."

ಕೆಂಚಯ್ಯ ಇಳಿದು ಒಳಗೆ ಹೋದ. ದೊಡ್ಡಲಕ್ಷ್ಮಮ್ಮ ತಲೆಯನ್ನು ಕಿಟಕಿಗೆ ಆನಿಸಿದಳು. ಹೇಳಿದ್ದಾಯಿತು. ಹೇಳಿಯೂ ಏನೂ ಆಗಲಿಲ್ಲ. ಅಳುವುದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ. ಭಾಗ್ಯ ತಾಯಿಯ ಕೈ ಹಿಡಿದುಕೊಂಡಳು. ಒಳಗಿನಿಂದ ಯಾರೋ ನಗುವುದು ಕೇಳಿಸಿತು.

ಅವನು ಬಂದು ಮುಂದಿನ ಸೀಟಿನಲ್ಲಿ ಕೂತ. ವ್ಯಾನು ಹೊರಟಿತು. ಚನ್ನಪಟ್ಟಣದ ಗೊಂಬೆ ಅಂಗಡಿಗಳ ದೀಪಗಳೆಲ್ಲ ಹಿಂದಾದ ಮೇಲೆ ತಿರುಗಿ ನೋಡದೆಯೇ ಹೇಳಿದ:

"ಮುಂದ್ಲ ಬೆಳೆಗೆ ನಮ್ಮನೇಗೆ ಹುಳ ಬ್ಯಾಡ ಅಂದೆ."

ದೊಡ್ಡಲಕ್ಷ್ಮಮ್ಮ ಕಿಟಕಿಯಿಂದ ತಲೆ ಎತ್ತಿದಳು.

"ಇನ್ನೂರು ಬ್ಯಾಡ್ವಾ ಅಂದ. ನೂರೂ ಬ್ಯಾಡ ಅಂದೆ. 'ಯಾಕಣ್ಣ, ಹುಳದ ಮನೇಲಿ ರೋಗ ಏನಾರಾ ಬಿತ್ತಾ?' ಅಂತ ನಗಾಡ್ದ." ಕೆಂಚಯ್ಯ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. "ಇಲ್ಲ ಕಣಪ್ಪ, ನಮ್ಮನೇಲಿ ಒಬ್ರು ಮಲಗವ್ರೆ. ಅವ್ರು ಏಳೋಗಂಟ ಯಾರೂ ಮುಟ್ಟಂಗಿಲ್ಲ ಅಂದೆ."

ದೊಡ್ಡಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಅಳು ಬಂತು.

ಮನೆಗೆ ಬಂದು ಹುಳದ ಮನೆಯ ಬಾಗಿಲು ಸದ್ದಿಲ್ಲದೆ ತೆರೆದರು. ಮುಕ್ಕಾಲು ಪಾಲು ಹುಳ ಎದ್ದು, ಹೊಸ ಮೈಯಲ್ಲಿ, ಸುಣ್ಣದ ಮೇಲೆ ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಉಳಿದವು ಏಳುವವರೆಗೆ ಒಂದಿಷ್ಟು ಹೊತ್ತು ಕಾಯಬೇಕು. ಆಮೇಲೆ ಒಂದು ವಾರ ಹಗಲಿಲ್ಲ, ಇರುಳಿಲ್ಲ. ಅವಳು ಹಳೆಯ ಅಭ್ಯಾಸದಂತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಸೊಪ್ಪು ಬಾಡಿದೆಯೇನೋ ಎಂದು ಗೋಣಿ ಎತ್ತಲು ಬಗ್ಗಿದಳು. ಕೆಂಚಯ್ಯ ಆಗಲೇ ಅದರ ಇನ್ನೊಂದು ತುದಿ ಹಿಡಿದಿದ್ದ.

"ಇದೊಂದು ವಾರ ಕಣ್ರವ್ವಾ" ಎಂದಳು ಅವಳು ಹುಳಗಳಿಗೆ, ಪಿಸುದನಿಯಲ್ಲಿ. "ಆಮೇಲೆ ನನ್ ಸರದಿ."