ಅರ್ಧ ಪೆಂಟೆ ಬೆಲ್ಲ

ಬಲಗಾಲು ಮಡಚಲೇ ಇಲ್ಲ. ಗೋಡೆಗೆ ಆನಿಸಿ ಕೂರಿಸಿದ್ದ ಲಕ್ಕಪ್ಪನ ಹೆಣದ ಮೊಣಕಾಲನ್ನು ಮಗ ಶಿವಕುಮಾರ ಎರಡು ಸಲ ಒತ್ತಿ ನೋಡಿದ. ಬಾತ ಕಾಲು ಎರಡೂ ಸಲ ಮುಂದಕ್ಕೇ ಚಾಚಿಕೊಂಡಿತು.

"ಒತ್ತಬ್ಯಾಡಪಾ," ಎಂದರು ಮಠದ ಅಯ್ಯನವರು. ಹಣೆಗೆ ವಿಭೂತಿ ಬಳಿಯುತ್ತಿದ್ದ ಅವರ ಕೈ ನಿಂತಿತು. "ಮ್ಯಾಲ ಧೋತರ ಹೊಚ್ಚರಿ, ಕಾಣೂದಿಲ್ಲ. ಕಾಲ ಮಡಚಲಿಲ್ಲ ಅಂತ ಶಿವ ಏನ್ ಹೊಳ್ಳಿ ಕಳಸೂದಿಲ್ಲ."

ಸೊಸೆ ನೇತ್ರಾ ಧೋತರದ ಅಂಚನ್ನು ಎಳೆದು ಪಾದದ ಪಟ್ಟಿಯನ್ನು ಮುಚ್ಚಿದಳು. ಆ ಪಟ್ಟಿಯನ್ನು ಮೂರು ತಿಂಗಳಿಂದ ದಿನಾ ಬದಲಿಸಿದವಳು ಅವಳೇ. ಮಮದಾಪುರದ ಆಶಾ ಕಾರ್ಯಕರ್ತೆ. ನೀರು ಕಾಯಿಸಿ ಕುಡಿಯಿರಿ, ಬಿಪಿ ನೋಡಿಸಿಕೊಳ್ಳಿ, ಬಸುರಿಯರು ಹೊತ್ತಿಗೆ ಸರಿಯಾಗಿ ಉಣ್ಣಿರಿ ಎಂದು ಡಾಕ್ಟರರು ಹೇಳಿಕೊಟ್ಟಿದ್ದನ್ನೆಲ್ಲ ಹದಿಮೂರು ವರ್ಷದಿಂದ ಮನೆ ಮನೆಗೆ ಹೊತ್ತವಳು. ಊರು ಕೇಳಿತು, ಮನೆ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಗಿಡ ಸೊಸೆಯಾಗಿದ್ದರಂತೂ ಅದರ ಎಲೆಯನ್ನು ಮೂಸಿ ನೋಡುವವರೂ ಇರುವುದಿಲ್ಲ.

ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ ಎಂದು ಬಾಜೂ ಮನೆಯ ಅಲ್ಲವ್ವ ಚಹಾದ ಕಿಟ್ಲಿ ತಂದಳು. ಮೊದಲ ಗ್ಲಾಸನ್ನು ಗಂಡ ಕಾಶಿನಾಥನಿಗೇ ಕೊಟ್ಟಳು. ಲಕ್ಕಪ್ಪನ ಜೊತೆ ಒಂದೇ ಗಾಣದಲ್ಲಿ ಮೂವತ್ತು ವರ್ಷ ಬೆಲ್ಲ ಕಾಸಿದ ಮುದುಕ ಅವನು. ಬೆಳಗಿನಿಂದ ಗೆಳೆಯನ ಮಗ್ಗುಲು ಬಿಟ್ಟು ಎದ್ದಿರಲಿಲ್ಲ.

"ನೀನೂ ಒಂದ್ ಗುಟುಕ ಕುಡಿ, ಯಲ್ಲವ್ವಕ್ಕ," ಎಂದು ಅಲ್ಲವ್ವ ಲಕ್ಕಪ್ಪನ ಹೆಂಡತಿಯ ಪಕ್ಕದಲ್ಲಿ ಕುಳಿತಳು. "ನಿನ್ನಂಗ ಗಂಡನ್ನ ಜ್ವಾಕಿ ಮಾಡಿದಾಕಿ ಈ ಊರಾಗ ಯಾರದಾರ? ಸಕ್ರಿ ಒಂದ್ ಹಳಕ ಬಾಯಾಗ ಬೀಳಗೊಡಲಿಲ್ಲ."

"ಹತ್ತ ವರ್ಷಾತು ಈ ಮನಿಗೆ ಸಕ್ರಿ ಬಂದು," ಎಂದಳು ಯಲ್ಲವ್ವ. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು. "ಎಲ್ಲಾಕ್ಕೂ ಬೆಲ್ಲಾನ. ಅದೂ ಅವರು ಕೈಯಾರೆ ಕಾಸಿದ್ದು."

"ಹೋದ ವಾರ ಗೋಕಾಕದಾಗ ನಮ್ಮವರಿಗೂ ಶುಗರ್ ಐತಿ ಅಂದ್ರು ನೋಡು. ಅವತ್ತಿಂದ ನಾನೂ ನಿನ್ನಂಗ ಬೆಲ್ಲಾನ ಹಾಕಾಕತ್ತೇನಿ."

ನೇತ್ರಾ ಥಟ್ಟನೆ ತಿರುಗಿ ನೋಡಿದಳು. ಕಾಶಿನಾಥ ಗ್ಲಾಸನ್ನು ತಳದವರೆಗೆ ಕುಡಿದು ಕೆಳಗಿಟ್ಟ. ಈಗ ಬಾಯಿ ಬಿಟ್ಟರೆ ಅತ್ತೆಯ ಕಿವಿಗೆ ಬೀಳುತ್ತದೆ: ಹತ್ತು ವರ್ಷ ಪ್ರೀತಿಯಿಂದ ಕೊಟ್ಟದ್ದೇ ಗಂಡನನ್ನು ತಿಂದಿತೆಂದು, ಅವನ ಹೆಣದ ಮುಂದೆಯೇ. ಬಿಡದಿದ್ದರೆ ಈ ಮುದುಕ ದಿನಾ ಕುಡಿಯುತ್ತಾನೆ. ಇವತ್ತೊಂದು ದಿನ ಬೇಡ, ನಾಳೆ ಅಲ್ಲವ್ವನ ಮನೆಗೇ ಹೋಗಿ ಹೇಳಿದರಾಯಿತು ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

*

ಹತ್ತು ವರ್ಷದ ಹಿಂದೆ, ಲಕ್ಕಪ್ಪನಿಗೆ ಶುಗರ್ ಎಂದು ಗೊತ್ತಾದಾಗ, ಗೋಕಾಕದ ಡಾಕ್ಟರರು ಚೀಟಿಯಿಂದ ತಲೆಯೆತ್ತದೆ ಹೇಳಿದ್ದರು: "ಸಕ್ಕರೆ ಪೂರಾ ಬಂದ್ ಮಾಡ್ರಿ." ಹೊರಗೆ ನಲವತ್ತು ಮಂದಿಯ ಪಾಳಿ ಇತ್ತು. ಅವರು ಸಕ್ಕರೆ ಅಂದರು, ಯಲ್ಲವ್ವ ಸಕ್ಕರೆಯನ್ನೇ ಕೇಳಿಸಿಕೊಂಡಳು. ಅವತ್ತೇ ಡಬ್ಬಿ ಬರಿದು ಮಾಡಿ ಓಣಿಗೆ ಹಂಚಿದಳು.

ತಿಂಗಳ ಮೇಲೆ ಒಂದು ಮುಂಜಾನೆ ನೇತ್ರಾ ಧೈರ್ಯ ಮಾಡಿದ್ದಳು. "ಮಾವಾ, ಬೆಲ್ಲಾನೂ ಬ್ಯಾಡ್ರಿ. ಅದೂ ಸಕ್ರಿನ ಐತಿ."

ಲಕ್ಕಪ್ಪ ನಕ್ಕಿದ್ದ. ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ, ಕಡಾಯಿ ಇಳಿಸುವ ಹೊತ್ತನ್ನು ಹೇಳುವ ಮನುಷ್ಯ. ಮೂಡಲಗಿಯಿಂದ ಹುಕ್ಕೇರಿಯ ತನಕ ಗಾಣದವರು ಅವನನ್ನು ಕರೆಯಲು ಬರುತ್ತಿದ್ದರು. "ಸಕ್ರಿ ಫ್ಯಾಕ್ಟರಿದು, ಬೆಲ್ಲ ನಂದು," ಅಂದ. "ಬಣ್ಣಕ್ಕಂತ ಒಂದ್ ಚಿಮಟಿ ಪೌಡರ್ ಹಾಕಿಲ್ಲ. ಅಲ್ಲ ಯವ್ವಾ, ಬೆಲ್ಲದಾಗ ಕಬ್ಬಿಣ ಐತಿ, ತಿನ್ನರಿ ಅಂತ ಬಸುರ್ಯಾರ ಮುಂದ ಹೇಳಾವರು ಯಾರು?"

"ಅದು ಅವರಿಗ್ರಿ."

"ಅವರಿಗೆ ಔಷಧ, ನನಗ ವಿಷ?"

ಎಲ್ಲರೂ ನಕ್ಕರು. ನೇತ್ರಾಳೂ ನಕ್ಕಳು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಮಾವ ಸೊರಗಿದಷ್ಟೂ ಅತ್ತೆ ಶಕ್ತಿ ಬರಲೆಂದು ಕರದಂಟು ತರಿಸಿದಳು, ಹಾಲಿಗೆ ಇನ್ನೊಂದು ಚೂರು ಬೆಲ್ಲ ಹೆಚ್ಚು ಹಾಕಿದಳು. ಊರಿನ ಮಂದಿಗೆಲ್ಲ ಗದರಿ ಹೇಳುತ್ತಿದ್ದ ನೇತ್ರಾ ಈ ಹೊಸ್ತಿಲ ಒಳಗೆ ಬಂದರೆ ಸೊಸೆ.

ಹೋದ ಸುಗ್ಗಿಯಲ್ಲಿ ಗಾಣದ ಒಲೆಯ ಕೆಂಡವೊಂದು ಲಕ್ಕಪ್ಪನ ಅಂಗಾಲಿಗೆ ಅಂಟಿತು. ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆಯೇ ಅವನು ಕೆಳಗೆ ನೋಡಿದ್ದು. ನೋವು ಅವನ ಕಾಲು ಬಿಟ್ಟುಹೋಗಿ ಎಷ್ಟು ವರ್ಷವಾಗಿತ್ತೋ, ಯಾರಿಗೂ ಗೊತ್ತಿರಲಿಲ್ಲ. ಆ ಗಾಯ ಮಾಯಲೇ ಇಲ್ಲ.

*

ಮಣ್ಣು ಕೊಟ್ಟು ಬಂದವರಿಗೆ ನೇತ್ರಾ ಬಾಗಿಲಲ್ಲಿ ನಿಂತು ಕಾಲಿಗೆ ನೀರು ಹಾಕುತ್ತಿದ್ದಳು. ಎಲ್ಲರೂ ಬರಿಗಾಲಲ್ಲಿ ಸುಡುವ ಎರೆಹೊಲ ದಾಟಿ ಬಂದವರು. ಅಬ್ಬಾ, ಬಿಸಿ ಅಂತ ಒಬ್ಬೊಬ್ಬರೂ ಕಾಲು ಎತ್ತಿ ಎತ್ತಿ ಇಡುತ್ತಿದ್ದರು. ಕಾಶಿನಾಥ ಮಾತ್ರ ಸಮಾಧಾನದಿಂದ ನಿಂತ. ಅವನ ಪಾದದ ಮೇಲೆ ಹಾಕಿದ ನೀರು ಕಲ್ಲಿನ ಮೇಲೆ ಕೆಂಪಗೆ ಹರಿಯಿತು.

ಅವಳು ಬಗ್ಗಿ ಹಿಮ್ಮಡಿ ಎತ್ತಿ ನೋಡಿದಳು. ಬೆರಳುದ್ದದ ಜಾಲಿಮುಳ್ಳು ಬುಡದ ತನಕ ಇಳಿದಿತ್ತು.

"ಕಾಕಾ, ಮುಳ್ಳ ನಟ್ಟೈತ್ರಿ."

"ಹೌದೇನು?" ಕಾಶಿನಾಥ ಬಗ್ಗಿ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದ. "ನನಗ ಗೊತ್ತ ಆಗಲಿಲ್ಲವಾ."

ನೇತ್ರಾಳ ಕೈಯೊಳಗೆ ಆ ಹಿಮ್ಮಡಿ ತಣ್ಣಗಿತ್ತು. ಹಿಂದಿನಿಂದ ಅಲ್ಲವ್ವ ಗ್ಲಾಸು ಚಾಚಿದಳು. "ಮುಳ್ಳ ಆಮ್ಯಾಲ ತಗಿಯಂತಿ. ಮುಂಜಾನಿಂದ ಹಸದಾರ, ಮೊದಲ ಈಟ ಚಹಾ ಕುಡೀಲಿ."

ನೇತ್ರಾ ಎದ್ದು ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿದಳು. ನಾಳೆ ಹೇಳೋಣ ಅಂದದ್ದು ಅಲ್ಲಿಗೇ ಮುಗಿಯಿತು.

"ಅಲ್ಲವ್ವಕ್ಕ, ಬೆಲ್ಲಾನೂ ಕೊಡಬ್ಯಾಡ್ರಿ. ಸಕ್ರಿ ಬ್ಯಾರೆ ಅಲ್ಲ, ಬೆಲ್ಲ ಬ್ಯಾರೆ ಅಲ್ಲ. ರಕ್ತಕ್ಕ ಎರಡೂ ಒಂದ. ಇವತ್ತ ಇವರನ ದವಾಖಾನಿಗೆ ಕರಕೊಂಡ ಹೋಗಬೇಕು."

"ಮತ್ತ ಯಲ್ಲವ್ವಕ್ಕ..." ಎಂದು ಶುರುಮಾಡಿದ ಅಲ್ಲವ್ವ ನಡುವೆಯೇ ನಿಲ್ಲಿಸಿದಳು.

ಕಟ್ಟೆಯ ಮೇಲೆ ಕುಳಿತಿದ್ದ ಯಲ್ಲವ್ವ ಯಾರನ್ನೂ ನೋಡದೆ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಸರಿದ ಸದ್ದಾಯಿತು. ತಿರುಗಿ ಬಂದಾಗ ಅರ್ಧ ಪೆಂಟೆ ಬೆಲ್ಲವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಲಕ್ಕಪ್ಪ ಕಾಸಿದ ಕೊನೆಯ ಕಡಾಯಿಯದು.

"ಇದೂ ಏನವಾ?"

ಹದಿಮೂರು ವರ್ಷ ಪರರ ಮನೆಯಲ್ಲಿ ಉತ್ತರ ಹೇಳಿದ ನೇತ್ರಾ ಅತ್ತೆಯ ಮುಂದೆ ಬಂದು ನಿಂತಳು. "ನಾ ಅವತ್ತ ಗಟ್ಟಿಸಿ ಹೇಳಬೇಕಾಗಿತ್ರಿ, ಅತ್ತಿ," ಎಂದಳು. "ತಪ್ಪ ನಂದು."

ಯಲ್ಲವ್ವ ಕೇಳಿಸಿಕೊಂಡಳೋ ಇಲ್ಲವೋ. ಕಟ್ಟೆಯ ಮೇಲೆ ಕುಳಿತು ಪೆಂಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅದರ ಒಂದು ಬದಿ ನುಣ್ಣಗೆ, ಅಚ್ಚಿನಿಂದ ಬಿದ್ದ ಹಾಗೆಯೇ ಇತ್ತು. ಇನ್ನೊಂದು ಬದಿಯನ್ನು ಅವಳು ದಿನಾ ಮುಂಜಾನೆ ಚಹಾಕ್ಕೆಂದು ಕುಡುಗೋಲ ತುದಿಯಿಂದ ಕೆತ್ತಿದ್ದಳು. ಆ ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದಳು, ಒಂದಾದ ಮೇಲೊಂದು. ಆಮೇಲೆ ಸೆರಗಿನ ಅಂಚನ್ನು ಎಳೆದು, ಕೆತ್ತಿದ ಬದಿಯನ್ನು ಮುಚ್ಚಿದಳು.