ಯಾರ ಮನೆಯ ಓಲೆ

ಕೊರ್ಚುಲಾ ದ್ವೀಪದ ಒಂದು ಮನೆಯ ನೆಲಮಾಳಿಗೆಯಲ್ಲಿ, ದ್ರಾಕ್ಷಾರಸದ ಪೀಪಾಯಿಗಳ ನಡುವೆ, ಪೆರೀನಾ ತಾನೇ ಜೋಡಿಸಿ ನಿಲ್ಲಿಸಿದ ಮಿಂಚಂಚೆಯ ಸರ್ವರ್ ಗುಂಯ್‌ಗುಡುತ್ತಿತ್ತು. ಸರಕು ಹಡಗಿನ ಎಂಜಿನಿಯರಾದ ಗಂಡ ಲೂಕ್ಷಾನ ದನಿ ಮನೆಗೆ ಬರುತ್ತಿದ್ದುದು ಅದರ ದಾರಿಯಲ್ಲೇ. ಮುಂದಿನ ಬಂದರಿನಲ್ಲಿ ಇಳಿದು ಬರಲೇ, ಇನ್ನೂ ಆರು ತಿಂಗಳ ಕೆಲಸಕ್ಕೆ ಸಹಿ ಹಾಕಲೇ ಎಂದು ಅವಳನ್ನು ಕೇಳಿಯೇ ನಿರ್ಧರಿಸುವೆನೆಂದಿದ್ದ. ವಾರವಾಯಿತು, ದನಿಯಿಲ್ಲ.

"ಓಲೆ ತಡೆಯೋ ಆ ನಿನ್ನ ಕಾವಲುಗಾರನ್ನ ಕಿತ್ತು ಬಿಸಾಕೇ!" ಅತ್ತೆ ಡೊಬ್ರಿಲಾ ಮೆಟ್ಟಿಲ ಮೇಲಿಂದ ಕೂಗಿದಳು. "ನನ್ನ ಮಗನ್ನೇ ಆಚೆ ನಿಲ್ಲಿಸಿರ್ತಾನೆ, ಹಾಳಾದವನು."

"ಹೋದ ವಾರ ನಿಮ್ಮ ಮಗನ ಹೆಸರಿಟ್ಕೊಂಡು ಬಂದ ವೈರಸ್ಸನ್ನ ಒಳಗೆ ಕರೆದೋರು ಯಾರತ್ತೆ?"

"ಮಗನ ಹೆಸರು ಕಂಡ್ರೆ ಯಾವ ತಾಯಿ ತೆರೆಯಲ್ಲ, ಹೇಳು?"

ಆ ವೈರಸ್ಸು ಮದುವೆಯ ಚಿತ್ರಗಳನ್ನೂ ಲೂಕ್ಷಾನ ಹಳೆಯ ಓಲೆಗಳನ್ನೂ ನುಂಗಿ ಹಾಕಿತ್ತು. ಅಂದೇ ಪೆರೀನಾ ಹೊಸ ನಿಯಮ ಮಾಡಿದ್ದಳು: ಅಪರಿಚಿತ ಯಂತ್ರ ಓಲೆ ತಂದರೆ, ಈಗ ಬೇಡ, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ಕಳುಹಿಸುವುದು. ಸಾವಿರಾರು ಮನೆಗಳಿಗೆ ಕಸ ಎರಚುವ ಯಂತ್ರಗಳಿಗೆ ಮರಳಿ ಬರುವ ತಾಳ್ಮೆಯಿಲ್ಲ. ನಿಜವಾದ ಓಲೆ ಮರಳುತ್ತದೆ; ಅದೇ ಯಂತ್ರ ಎರಡನೇ ಸಲ ತಂದರೆ ಒಳಗೆ ಬಿಡುವುದು. ಕಸವೇನೋ ನಿಂತಿತು. ಅದರೊಡನೆ ಲೂಕ್ಷಾನೂ ನಿಂತುಹೋದ.

ನಿಯಮ ಕಿತ್ತುಹಾಕಿ ಬಾಗಿಲನ್ನು ಹಾರುಹೊಡೆದು ತೆರೆದುಬಿಡುವುದು ಸುಲಭ. ಅವಳು ಒಪ್ಪಲಿಲ್ಲ. ಹಿಂದಿರುಗಿಸಿದ ಓಲೆಗಳ ದಾಖಲೆಯನ್ನು ಒಂದೊಂದಾಗಿ ನೋಡಿದಾಗ ಕಾರಣ ತಿಳಿಯಿತು. ಹಡಗಿನ ಅಂಚೆಯನ್ನು ಹೊತ್ತು ತರುವ ಕಂಪನಿಗೆ ಯಂತ್ರಗಳು ಹಲವು. ಲೂಕ್ಷಾನ ಓಲೆ ದಿನವೂ ಬಂದಿತ್ತು, ದಿನವೂ ಬೇರೊಂದು ಯಂತ್ರದ ಕೈಯಲ್ಲಿ.

"ದಿನಕ್ಕೊಂದು ಹೊಸ ಮುಖ ಅತ್ತೆ. ಹೇಗೆ ಗುರುತು ಹಿಡೀಲಿ?"

"ಲೂಕ್ಷಾ ಅನ್ನೋ ಹೆಸರಿಗೆ ಬಾಗಿಲು ತೆಗಿ, ಮುಗೀತು."

"ಹೆಸರು ಕದೀಬಹುದಲ್ಲ. ಆಗ ಆಗಿದ್ದೇ ಅದು."

ಡೊಬ್ರಿಲಾ ಮೊಣಕಾಲು ಹಿಡಿದುಕೊಂಡು ಕೆಳಗಿಳಿದು ಬಂದಳು. "ನೀನು ಮೊದಲ್ನೇ ಸಲ ಈ ಓಣಿಗೆ ಬಂದಾಗ ನಿನ್ನ ಹೆಸರು ಕೇಳಿದ್ನೇನೇ? 'ಯಾರ ಮನೆಯವಳು' ಅಂತ ತಾನೇ ಕೇಳಿದ್ದು?"

"ಹೌದು. ಕೇಳಿ ಮೂಗು ಮುರಿದ್ರಿ."

"ಮುರಿದ್ರೂ ಒಳಗೆ ಕರೆದೆ."

ಪೆರೀನಾ ನಗುತ್ತಲೇ ಕೀಲಿಮಣೆಯ ಕಡೆ ತಿರುಗಿದಳು. ಯಂತ್ರ ಯಾವುದೆಂದು ಕೇಳುವ ನಿಯಮವನ್ನು ಅಳಿಸಿದಳು; ಯಾವ ಮನೆಯದೆಂದು ಕೇಳುವ ನಿಯಮವನ್ನು ಬರೆದಳು. ಒಂದೇ ಕಂಪನಿಯ ಯಂತ್ರಗಳು ಎಷ್ಟಿದ್ದರೂ ಒಬ್ಬನೇ ಅತಿಥಿ. ಒಳಗೆ ಬಂದವರ ಗಂಟು ಬಿಚ್ಚಿ ವೈರಸ್ಸಿಗಾಗಿ ತಡಕುವ ಕೆಲಸವನ್ನು ಮಾತ್ರ ಹಾಗೆಯೇ ಉಳಿಸಿದಳು.

ಮಧ್ಯಾಹ್ನದ ಸಾರ್ಡೀನ್ ಮೀನು ಬಾಣಲೆಯಲ್ಲಿರುವಾಗಲೇ ಓಲೆ ಒಳಗೆ ಬಂತು. "ಎಷ್ಟು ಸಲ ಕೇಳಿದರೂ ಉತ್ತರವಿಲ್ಲ. ನಾಳೆ ಸಹಿ. ಹಾಕಲೇ?"

ಪೆರೀನಾ ಬರೆದಳು: "ಬೇಡ. ಬಾ."

"ಇಷ್ಟೇನಾ?" ಎಂದಳು ಡೊಬ್ರಿಲಾ. "ಆಲಿವ್ ಕೊಯ್ಯೋಕೆ ಆಳು ಸಿಕ್ತಿಲ್ಲ ಅಂತ ಸೇರಿಸು. ಇಲ್ದಿದ್ರೆ ಪ್ರೀತಿಗೆ ಕರೀತಿದ್ದೀವಿ ಅಂದ್ಕೊಂಡಾನು."

ಅವಳು ಸೇರಿಸಿ ಕಳುಹಿಸಿದಳು.

ಡೊಬ್ರಿಲಾ ಪರದೆಯನ್ನೇ ದಿಟ್ಟಿಸಿದಳು. "ಆ ಕಡೆಯವರೂ ನಮ್ಮ ಓಲೇನ ಹೀಗೇ ಆಚೆ ನಿಲ್ಲಿಸಿದ್ರೆ?"

"ಮತ್ತೆ ಹೋಗಿ ತಟ್ಟುತ್ತೆ ಅತ್ತೆ," ಎಂದಳು ಪೆರೀನಾ. "ಒಳಗೆ ಬಿಡೋವರೆಗೂ."